ಬೀಗ ಬಾಗಿಲಿಗಲ್ಲ, ಬರಹಕ್ಕೆ



ಎಂಟು ವರ್ಷಗಳ ಹಿಂದೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆ. ಲ್ಯಾಪ್‌ಟಾಪ್ ಇದ್ದ ಚೀಲವನ್ನು ಸೀಟಿನ ಮೇಲಿನ ರ್ಯಾಕಿನಲ್ಲಿ ಇಟ್ಟಿದ್ದೆ. ತುಮಕೂರು ದಾಟುವವರೆಗೆ ಎಚ್ಚರವಿದ್ದ ನೆನಪು. ಬೆಳಗಿನ ಜಾವ ಕಂಡಕ್ಟರು ಕೂಗಿ ಎಬ್ಬಿಸಿದಾಗ ಚೀಲ ಇರಲಿಲ್ಲ. ಪೊಲೀಸರಿಗೆ ದೂರು ಕೊಟ್ಟು ಮನೆಗೆ ಬಂದು ಕುಳಿತೆ. ಹೋದದ್ದು ನಾಲ್ಕು ವರ್ಷ ಬಳಸಿದ ಯಂತ್ರ. ಅದರ ಬೆಲೆಯ ಚಿಂತೆ ಮಧ್ಯಾಹ್ನದ ಹೊತ್ತಿಗೆ ಕರಗಿತು. ಆಮೇಲೆ ಬೇರೆಯದೇ ಚಿಂತೆ ಹತ್ತಿತು: ಅದರೊಳಗೆ ಏನೇನಿತ್ತು?

ಕಾಗದ ತೆಗೆದುಕೊಂಡು ಪಟ್ಟಿ ಮಾಡತೊಡಗಿದೆ. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದವನು. ವಿದ್ಯಾರ್ಥಿವೇತನದ ಅರ್ಜಿಗೆಂದು ಮಕ್ಕಳು ಕಳಿಸಿದ್ದ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಅದರಲ್ಲಿದ್ದವು. ಅಕ್ಕನ ಚಿಕಿತ್ಸೆಯ ವರದಿಗಳಿದ್ದವು. ಆ ಕಾಯಿಲೆಯ ವಿಷಯವನ್ನು ಅವಳು ಸೊಸೆಗೂ ಹೇಳಿರಲಿಲ್ಲ. ಊರಿನ ಜಮೀನಿನ ಪಹಣಿ, ಭಾಗಪತ್ರ, ತಮ್ಮಂದಿರ ಸಹಿ ಇದ್ದ ಕಾಗದಗಳ ಸ್ಕ್ಯಾನ್ ಪ್ರತಿಗಳಿದ್ದವು. ಬರೆದು ಮುಗಿಸಿ ನೋಡಿದರೆ ನನ್ನದು ಅಂತ ಇದ್ದದ್ದು ನಾಲ್ಕೈದು ಸಾಲು. ಉಳಿದದ್ದೆಲ್ಲ ಬೇರೆಯವರದು, ನನ್ನನ್ನು ನಂಬಿ ಕೊಟ್ಟದ್ದು.

ಆದರೂ ಒಂದು ಸಮಾಧಾನವಿತ್ತು. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿದ್ದೆ. ಅದು ಗೊತ್ತಿಲ್ಲದೆ ಯಾರು ತಾನೆ ಒಳಗೆ ಹೋಗುತ್ತಾರೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದುರ್ಗಿಗುಡಿಯ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಸಂಜೆ ಅವನಲ್ಲಿಗೆ ಹೋಗಿ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಮನೆಯಲ್ಲಿ ನಿಮ್ಮದೊಂದು ಹಳೇ ಕಂಪ್ಯೂಟರ್ ಇದೆಯಲ್ಲ, ಅದನ್ನು ನಾಳೆ ತನ್ನಿ. ಪಾಸ್‌ವರ್ಡ್ ನನಗೆ ಹೇಳಬೇಡಿ” ಎಂದ. ಮಾರನೆಯ ದಿನ ತೆಗೆದುಕೊಂಡು ಹೋದೆ. ನನ್ನ ಕಣ್ಣೆದುರೇ ನಾಲ್ಕು ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರತೆಗೆದ. ಅದನ್ನೊಂದು ಪುಟ್ಟ ಡಬ್ಬಿಗೆ ಹಾಕಿ, ಪೆನ್ ಡ್ರೈವ್ ಚುಚ್ಚುವ ಹಾಗೆ ತನ್ನ ಕಂಪ್ಯೂಟರಿಗೆ ಚುಚ್ಚಿದ. “ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ, ಮುಂದುವರಿಯುವಿರಾ?” ಎಂಬ ಪ್ರಶ್ನೆ ಪರದೆಯ ಮೇಲೆ ಬಂತು. ಅವನು ಮುಂದುವರಿಯುವ ಗುಂಡಿ ಒತ್ತಿದ. ನನ್ನ ಕಡತಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಐದು ನಿಮಿಷವೂ ಹಿಡಿಯಲಿಲ್ಲ. ಪಾಸ್‌ವರ್ಡನ್ನು ಯಾರೂ ಕೇಳಲೇ ಇಲ್ಲ.

ಆ ಐದು ನಿಮಿಷದಲ್ಲಿ ಕಲಿತ ಪಾಠವನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಇವತ್ತು ಬಂದಿದ್ದೇನೆ.

ಕಂಪ್ಯೂಟರ್ ಚಾಲೂ ಮಾಡಿದಾಗ ಕೇಳುವ ಪಾಸ್‌ವರ್ಡ್ ಹೆಬ್ಬಾಗಿಲ ಕಾವಲುಗಾರನಿದ್ದಂತೆ. ಬಾಗಿಲಿನಿಂದ ಬಂದವರನ್ನು ಮಾತ್ರ ಅವನು ತಡೆಯುತ್ತಾನೆ. ಒಳಗಿನ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರೆ ಅವನಿಗೂ ಪೆಟ್ಟಿಗೆಗೂ ಸಂಬಂಧವೇ ಇರುವುದಿಲ್ಲ. ಡಿಸ್ಕಿನಲ್ಲಿ ನಮ್ಮ ಬರಹ ಇದ್ದದ್ದು ಇದ್ದ ಹಾಗೆಯೇ ಇರುತ್ತದೆ, ಓದಬಲ್ಲ ಯಂತ್ರ ಸಿಕ್ಕಿದರೆ ಸಾಕು. ಫೋಲ್ಡರನ್ನು ಕಣ್ಣಿಗೆ ಕಾಣದಂತೆ ‘ಹಿಡನ್’ ಮಾಡಿಡುವುದೂ ರಕ್ಷಣೆಯಲ್ಲ. ಅದು ಹಣವನ್ನು ಚಾಪೆಯ ಕೆಳಗೆ ಇಟ್ಟ ಹಾಗೆ.

ಅಳಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಗ್ರಂಥಾಲಯದಲ್ಲಿ ಪುಸ್ತಕದ ಹೆಸರಿರುವ ಕಾರ್ಡನ್ನು ಕಿತ್ತು ಎಸೆದರೆ ಪುಸ್ತಕವೇನೂ ಕಪಾಟಿನಿಂದ ಮಾಯವಾಗುವುದಿಲ್ಲ. ನಾವು ಡಿಲೀಟ್ ಒತ್ತಿದಾಗ ಮಾಮೂಲಿ ಹಾರ್ಡ್ ಡಿಸ್ಕಿನಲ್ಲಿ ಆಗುವುದೂ ಇಷ್ಟೇ. ಆ ಜಾಗದಲ್ಲಿ ಹೊಸದೇನಾದರೂ ಬಂದು ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳಾಗಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್ 2000 ಮತ್ತು 2002ರ ನಡುವೆ ಬಳಸಿ ಮಾರಿದ್ದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿದರು. ಕೆಲಸ ಮಾಡುತ್ತಿದ್ದದ್ದು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದದ್ದು ಕೇವಲ 12. ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಆಸ್ಪತ್ರೆಯ ಮಾಹಿತಿ, ಮನೆಮಂದಿಯ ಪತ್ರಗಳು ಅವರ ಕೈಗೆ ಸಿಕ್ಕವು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ಡಿಸ್ಕುಗಳನ್ನು ಕಂಡಾಗಲೆಲ್ಲ ನನಗೆ ಆ ಸಂಗತಿ ನೆನಪಾಗುತ್ತದೆ.

ಇದಕ್ಕೆಲ್ಲ ಪರಿಹಾರ ಗೂಢಲಿಪಿ, ಎಂದರೆ ಬರಹವನ್ನೇ ಬೇರೆಯವರು ಓದಲಾಗದಂತೆ ಮಾಡುವುದು. ಪಾಸ್‌ವರ್ಡಿಗೂ ಗೂಢಲಿಪಿಗೂ ಇರುವ ವ್ಯತ್ಯಾಸಕ್ಕೆ ಬ್ರಿಟನ್ ದೇಶ ಭಾರೀ ಬೆಲೆ ತೆತ್ತಿತು. 2007ರ ಅಕ್ಟೋಬರಿನಲ್ಲಿ ಅಲ್ಲಿನ ಕಂದಾಯ ಮತ್ತು ಸುಂಕ ಇಲಾಖೆ ಎರಡು ಸಿ.ಡಿ.ಗಳನ್ನು ಇನ್ನೊಂದು ಕಚೇರಿಗೆ ಅಂಚೆಯಲ್ಲಿ ಕಳಿಸಿತು. ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಸುಮಾರು 2 ಕೋಟಿ 50 ಲಕ್ಷ ಜನರ ಹೆಸರು, ವಿಳಾಸ, ಹುಟ್ಟಿದ ದಿನ ಅವುಗಳಲ್ಲಿದ್ದವು, ಬ್ಯಾಂಕ್ ಖಾತೆಯ ವಿವರಗಳೂ ಇದ್ದವು. ಸಿ.ಡಿ.ಗಳು ತಲುಪಬೇಕಾದ ಕಡೆ ತಲುಪಲೇ ಇಲ್ಲ. ನವೆಂಬರ್ 20ರಂದು ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಸಂಸತ್ತಿನಲ್ಲಿ ನಿಂತು ಇದನ್ನು ದೇಶಕ್ಕೆ ತಿಳಿಸಬೇಕಾಯಿತು. ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಸಿ.ಡಿ.ಗಳಿಗೆ ಪಾಸ್‌ವರ್ಡ್ ಇತ್ತು, ಒಳಗಿನ ಮಾಹಿತಿ ಗೂಢಲಿಪಿಯಲ್ಲಿರಲಿಲ್ಲ. ಗೂಢಲಿಪಿಯಲ್ಲಿದ್ದಿದ್ದರೆ ಕಳೆದದ್ದು ಎರಡು ಪ್ಲಾಸ್ಟಿಕ್ ತಟ್ಟೆ ಮಾತ್ರ ಆಗುತ್ತಿತ್ತು.

ಹಾಗಾದರೆ ಈ ಗೂಢಲಿಪಿ ಎಂದರೇನು? ಇಂಗ್ಲಿಷಿನಿಂದ ಬಂದ ಎನ್‌ಕ್ರಿಪ್ಷನ್ ಎಂಬ ಪದ ಹೊಸದಿರಬಹುದು, ಕೆಲಸ ನಮಗೆ ಹೊಸದಲ್ಲ. ಬೇಹುಗಾರರು ಸಂಜ್ಞಾಲಿಪಿಯಲ್ಲಿ ಸುದ್ದಿ ಕಳಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ವಾತ್ಸ್ಯಾಯನನು ಕೊಡುವ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಮ್ಲೇಚ್ಛಿತ ವಿಕಲ್ಪ ಎಂಬ ಹೆಸರಿನಲ್ಲಿ ಇದೂ ಒಂದು. ಅಷ್ಟು ಹಿಂದೆ ಹೋಗುವುದೂ ಬೇಡ. ಕೆಲವು ಬಟ್ಟೆ ಅಂಗಡಿಗಳಲ್ಲಿ ಸೀರೆಯ ಚೀಟಿಯ ಮೂಲೆಯಲ್ಲಿ ಅರ್ಥವಾಗದ ಎರಡು ಮೂರು ಅಕ್ಷರ ಬರೆದಿರುವುದನ್ನು ನೀವು ನೋಡಿರಬಹುದು. ಅದು ಅಸಲು ಬೆಲೆ. ಹತ್ತು ಬೇರೆ ಬೇರೆ ಅಕ್ಷರಗಳನ್ನು ಆರಿಸಿಕೊಂಡು ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿರುತ್ತಾರೆ. ಗಿರಾಕಿ ಆ ಚೀಟಿಯನ್ನು ಕೈಯಲ್ಲೇ ಹಿಡಿದಿರುತ್ತಾನೆ, ಓದಲಾರ. ಮುಚ್ಚಿಟ್ಟದ್ದು ಚೀಟಿಯನ್ನಲ್ಲ, ಅದರ ಅರ್ಥವನ್ನು.

ಆದರೆ ಈ ಉಪಾಯಕ್ಕೊಂದು ಕೊರತೆಯಿದೆ. ಹತ್ತಾರು ಸೀರೆಗಳ ಚೀಟಿ ನೋಡಿದ ಜಾಣ ಗಿರಾಕಿ ಯಾವ ಅಕ್ಷರ ಯಾವ ಅಂಕಿ ಎಂದು ಊಹಿಸಿಬಿಡಬಹುದು. ಅಂಗಡಿ ಬಿಟ್ಟುಹೋದ ನೌಕರ ಪಕ್ಕದ ಅಂಗಡಿಯಲ್ಲಿ ಹೇಳಿಬಿಡಬಹುದು. ಇದಕ್ಕೆ ಉತ್ತರ ಕೊಟ್ಟವರು ಆಗಸ್ಟ್ ಕರ್ಕಾಫ್ಸ್ ಎಂಬವರು. 1883ರಲ್ಲಿ ಫ್ರಾನ್ಸಿನ ಸೈನಿಕ ಪತ್ರಿಕೆಯೊಂದರಲ್ಲಿ ಅವರೊಂದು ತತ್ವ ಮಂಡಿಸಿದರು. ಗೂಢಲಿಪಿಯ ವಿಧಾನ ಶತ್ರುವಿಗೆ ತಿಳಿದುಹೋದರೂ ಕೇಡಾಗಬಾರದು, ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ ಎಂಬುದು ಅದರ ಸಾರ. ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ಇಡೀ ಊರಿಗೆ ಗೊತ್ತಿರಲಿ, ಬೀಗದ ಕೈ ನಮ್ಮ ಸೊಂಟದಲ್ಲಿದ್ದರೆ ಸಾಕು.

ಇವತ್ತು ನಮ್ಮ ಕಂಪ್ಯೂಟರುಗಳಲ್ಲಿರುವುದು ಅಂಥದೇ ಬೀಗ. ಅದರ ಹೆಸರು ಎಇಎಸ್. ಬೆಲ್ಜಿಯಂ ದೇಶದ ಯೋವಾನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಇದನ್ನು ರೂಪಿಸಿದರು. ಅಮೆರಿಕದ ಮಾನಕ ಸಂಸ್ಥೆ ಜಗತ್ತಿನ ವಿದ್ವಾಂಸರನ್ನೆಲ್ಲ ಸ್ಪರ್ಧೆಗೆ ಕರೆದು, ಬಂದ 15 ವಿಧಾನಗಳನ್ನು ಬಹಿರಂಗವಾಗಿ ಪರೀಕ್ಷೆಗೊಡ್ಡಿ, 2001ರಲ್ಲಿ ಇದನ್ನು ಮಾನಕವೆಂದು ಪ್ರಕಟಿಸಿತು. ವಿಧಾನದಲ್ಲಿ ಗುಟ್ಟೇನೂ ಇಲ್ಲ. ಯಾರು ಬೇಕಾದರೂ ಓದಬಹುದು, ಕಾಲೇಜುಗಳಲ್ಲಿ ಕಲಿಸುತ್ತಾರೆ.

ಅದಕ್ಕೂ ಹಿಂದಿನ ಮಾನಕವಾಗಿದ್ದ ಡಿಇಎಸ್ ಸೋತದ್ದು ಕೀಲಿ ಚಿಕ್ಕದಾಗಿದ್ದರಿಂದ. ಅದರ ಕೀಲಿ 56 ಬಿಟ್ ಉದ್ದ, ಅಂದರೆ ಸೊನ್ನೆ ಇಲ್ಲವೇ ಒಂದು ಕೂರುವ 56 ಸ್ಥಾನಗಳು, ಸುಮಾರು 72 ಸಾವಿರ ಲಕ್ಷ ಕೋಟಿ ಸಾಧ್ಯತೆಗಳು. 1998ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಅದಕ್ಕೆಂದೇ ಕಟ್ಟಿಸಿದ ಯಂತ್ರ ಒಂದೊಂದೇ ಕೀಲಿ ತಿರುಗಿಸಿ ನೋಡುತ್ತಾ 56 ಗಂಟೆಗಳಲ್ಲಿ ಬೀಗ ತೆರೆಯಿತು. ಎಇಎಸ್ ಕೀಲಿಯ ಉದ್ದ ಕಡಿಮೆಯೆಂದರೆ 128 ಬಿಟ್. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು, ಎಂಟು ಎಂದು ಕಾಳು ಇಡುತ್ತಾ ಹೋಗಿ ರಾಜನ ಕಣಜ ಬರಿದಾದ ಕತೆ ನಿಮಗೆ ಗೊತ್ತಿದೆ. ಒಂದೊಂದು ಬಿಟ್ ಹೆಚ್ಚಿದಂತೆಯೂ ಕಳ್ಳನ ಕೆಲಸ ಹಾಗೆಯೇ ಇಮ್ಮಡಿಯಾಗುತ್ತದೆ. ಆ 56 ಗಂಟೆಯ ಯಂತ್ರಕ್ಕೇ 128 ಬಿಟ್ಟಿನ ಬೀಗ ಕೊಟ್ಟರೆ, ಭೂಮಿಯ ವಯಸ್ಸಿನ ನೂರಾರು ಕೋಟಿ ಪಟ್ಟು ಕಾಲ ಬೇಕು. ಇಂಥ ಬೀಗ ನಮ್ಮ ನಿಮ್ಮ ಮೇಜಿನ ಮೇಲೆ, ಒಂದು ಪೈಸೆ ಖರ್ಚಿಲ್ಲದೆ ಕೂತಿದೆ. ನಾವು ಹಾಕಿಲ್ಲ, ಅಷ್ಟೇ.

ಹಾಕುವುದು ಹೇಗೆ? ಎರಡು ದಾರಿಗಳಿವೆ. ಮೊದಲನೆಯದು ಇಡೀ ಡಿಸ್ಕಿಗೇ ಬೀಗ. ವಿಂಡೋಸ್ ಇದ್ದವರು ಸೆಟ್ಟಿಂಗ್ಸ್ ತೆರೆದು ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬುದನ್ನು ಹುಡುಕಿ. ಪ್ರೊ ಆವೃತ್ತಿಯಲ್ಲಿ ಇದು ಬಿಟ್‌ಲಾಕರ್ ಎಂಬ ಹೆಸರಿನಲ್ಲಿರುತ್ತದೆ. ಮ್ಯಾಕ್ ಇದ್ದವರಿಗೆ ಫೈಲ್‌ವಾಲ್ಟ್ ಇದೆ. ಲಿನಕ್ಸ್ ಬಳಸುವವರು ಅದನ್ನು ಹಾಕಿಸುವಾಗಲೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಒತ್ತಿದರಾಯಿತು, ಲಕ್ಸ್ ಎಂಬ ವ್ಯವಸ್ಥೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಇದರಿಂದ ಕಂಪ್ಯೂಟರ್ ನಿಧಾನವಾಗುತ್ತದೆಂಬ ಹೆದರಿಕೆ ಬೇಡ. ಈಚಿನ ಪ್ರೊಸೆಸರುಗಳಲ್ಲಿ ಈ ಲೆಕ್ಕ ಮಾಡುವ ಏರ್ಪಾಡು ಒಳಗೇ ಇರುತ್ತದೆ.

ಎರಡನೆಯದು ಬೇಕಾದ ಕಡತಗಳಿಗೆ ಮಾತ್ರ ಒಂದು ಪೆಟ್ಟಿಗೆ. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಇದು ಅನುಕೂಲ. ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ 2013ರಿಂದ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದು ನಿಮ್ಮ ಡಿಸ್ಕಿನಲ್ಲಿ ನೀವು ಹೇಳಿದಷ್ಟು ಗಾತ್ರದ ಒಂದು ಕಡತ ಮಾಡಿಕೊಡುತ್ತದೆ. ಹೊರಗಿನವರಿಗೆ ಅದು ಅರ್ಥವಿಲ್ಲದ ಕಸದ ರಾಶಿ. ನೀವು ಪಾಸ್‌ವರ್ಡ್ ಕೊಟ್ಟಾಗ ಅದೇ ಒಂದು ಹೊಸ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಪತ್ರಗಳನ್ನು ಅದರಲ್ಲಿಡಿ, ಕೆಲಸ ಮುಗಿದ ಮೇಲೆ ‘ಅನ್‌ಮೌಂಟ್’ ಅಥವಾ ‘ಡಿಸ್‌ಮೌಂಟ್’ ಒತ್ತಿ ಮುಚ್ಚಿ. ಪೆನ್ ಡ್ರೈವಿನಲ್ಲೂ ಇಂಥ ಪೆಟ್ಟಿಗೆ ಇಡಬಹುದು. ಜೇಬಿನಿಂದ ಮೊದಲು ಜಾರುವುದು ಅದೇ ಅಲ್ಲವೇ? ಒಂದೇ ಕಡತವನ್ನು ಯಾರಿಗಾದರೂ ಕಳಿಸಬೇಕಿದ್ದರೆ ಸೆವೆನ್‌ಜಿಪ್ ಎಂಬ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿ. ಕಡತ ಇ–ಮೇಲಿನಲ್ಲಿ ಹೋದರೆ ಪಾಸ್‌ವರ್ಡ್ ಅದೇ ಇ–ಮೇಲಿನಲ್ಲಿ ಹೋಗಬಾರದು. ಫೋನಿನಲ್ಲಿ ಬಾಯಿಯಿಂದ ಹೇಳಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಬೀಗ ಕಾಯುವುದು ಹಾಕಿದ್ದಾಗ ಮಾತ್ರ. ಕಂಪ್ಯೂಟರ್ ಚಾಲೂ ಮಾಡಿ, ಪೆಟ್ಟಿಗೆ ತೆರೆದಿಟ್ಟು ನೀವು ಎದ್ದುಹೋದರೆ ಬಂದವರೆಲ್ಲ ಓದುತ್ತಾರೆ. ಆ ಹೊತ್ತಿನಲ್ಲಿ ವೈರಸ್ ಒಳಗಿದ್ದರೆ ಅದೂ ಓದುತ್ತದೆ. 2008ರಲ್ಲಿ ಹಾಂಗ್‌ಕಾಂಗಿನ ಹೆಸರಾಂತ ನಟರೊಬ್ಬರ ಖಾಸಗಿ ಚಿತ್ರಗಳು ಜಗತ್ತಿಗೆಲ್ಲ ಹರಡಿ ಹಲವರ ಬದುಕು ಕದಡಿತು. ಅವು ಹೊರಬಿದ್ದದ್ದು ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪಿನಿಂದ. ರಿಪೇರಿಯವರಿಗೆ ಕಂಪ್ಯೂಟರಿನ ಪಾಸ್‌ವರ್ಡ್ ಕೊಡಲೇಬೇಕಾದಾಗ ಡಿಸ್ಕಿನ ಬೀಗ ಉಪಯೋಗಕ್ಕೆ ಬಾರದು. ಒಳಗಿನ ಪೆಟ್ಟಿಗೆಯ ಬೀಗ ಆಗ ಕಾಪಾಡುತ್ತದೆ. ಆದ್ದರಿಂದ ನಾನು ಎರಡನ್ನೂ ಬಳಸುತ್ತೇನೆ.

ಇನ್ನು ಬೀಗದ ಕೈಯ ವಿಚಾರ. ಈ ಭಾಷಣದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಭೂಮಿಯ ವಯಸ್ಸು ಸಾಲದ ಬೀಗಕ್ಕೆ ನಾವು ಮಗಳ ಹೆಸರು, ಗಾಡಿಯ ನಂಬರು, ಹುಟ್ಟಿದ ಇಸವಿ ಇಟ್ಟರೆ ಅದು ಅರ್ಧ ಗಂಟೆಯ ಬೀಗವಾಗುತ್ತದೆ. ಕಳ್ಳ ಎಇಎಸ್ ಒಡೆಯಲು ಹೋಗುವುದಿಲ್ಲ, ನಿಮ್ಮ ಪಾಸ್‌ವರ್ಡ್ ಊಹಿಸಲು ಕೂರುತ್ತಾನೆ. ಗಾದೆ, ಹಾಡಿನ ಸಾಲು, ದೇವರ ಹೆಸರು ಕೂಡ ಬೇಡ, ಊಹಿಸುವ ಯಂತ್ರಗಳಿಗೆ ಅವೂ ಗೊತ್ತು.

ಇದಕ್ಕೆ 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ತೋರಿಸಿದ ಸುಲಭದ ದಾರಿಯೊಂದಿದೆ. ಅವರ ಪಟ್ಟಿಯಲ್ಲಿ 7776 ಪದಗಳಿವೆ. ದಾಳವನ್ನು ಐದು ಸಲ ಉರುಳಿಸಿದರೆ ಬರುವ ಸಂಖ್ಯೆ ಯಾವ ಪದವನ್ನು ತೋರಿಸುತ್ತದೋ ಅದೇ ನಿಮ್ಮ ಪದ. ಹೀಗೆ ಆರು ಪದ ಆರಿಸಿ ಸಾಲಾಗಿಟ್ಟರೆ ಸಾಧ್ಯತೆಗಳ ಲೆಕ್ಕ 24 ಅಂಕಿಗಳ ಸಂಖ್ಯೆಯಾಗುತ್ತದೆ. ನಾವು ಕನ್ನಡದವರು ನಿಘಂಟಿನ ಪುಟಗಳನ್ನು ಕಣ್ಣುಮುಚ್ಚಿ ತೆರೆದೂ ಇಂಥ ಪದಗಳನ್ನು ಆರಿಸಬಹುದು. ಏಣಿ, ಗುಡುಗು, ಬೆಲ್ಲ, ಪಡಸಾಲೆ, ಕೊಡೆ, ಹುಣಸೆ ಎಂಬಂತೆ ಒಂದಕ್ಕೊಂದು ನಂಟಿಲ್ಲದ ಪದಗಳು. ನಾನೀಗ ಗಟ್ಟಿಯಾಗಿ ಹೇಳಿದ್ದರಿಂದ ಇವು ಇನ್ನು ಗುಟ್ಟಲ್ಲ, ನಿಮ್ಮದನ್ನು ನೀವೇ ಆರಿಸಿ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವಾಗ ಒಬ್ಬೊಬ್ಬರ ಕಾಗುಣಿತ ಒಂದೊಂದು ತರಹ. ಏಣಿಗೆ ಇಂದು ಒಂದು ಇ, ಆರು ತಿಂಗಳ ಮೇಲೆ ಎರಡು ಇ ಹಾಕಿದರೆ ಬೀಗ ತೆರೆಯದು. ಆದ್ದರಿಂದ ನೀವು ಒತ್ತುವ ಅಕ್ಷರಗಳನ್ನೇ, ಇದ್ದ ಹಾಗೆ, ಕಾಗದದ ಮೇಲೆ ಬರೆದಿಡಿ.

ಕಾಗದದ ಮೇಲೆಯೇ? ಹೌದು. ಕಂಪ್ಯೂಟರಿನ ಕಳ್ಳ ನಿಮ್ಮ ಗೋದ್ರೇಜ್ ಬೀರುವಿನೊಳಗಿನ ಲಕೋಟೆಯನ್ನು ನೋಡಲಾರ. ಈ ಬೀಗಕ್ಕೆ ಎರಡನೆಯ ಕೀಲಿ ಮಾಡಿಕೊಡುವ ಅಂಗಡಿ ಯಾವುದೂ ಇಲ್ಲ. ಕೀಲಿಯಿಲ್ಲದೆ ಮಾಡಿದವರೇ ಬಂದರೂ ತೆರೆಯಲಾರರು. ಆದರೆ ಬಿಟ್‌ಲಾಕರಿಗೆ 48 ಅಂಕಿಗಳ ಒಂದು ಆಪತ್ಕಾಲದ ಕೀಲಿ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗುವ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಬೀಗ ತಾನಾಗಿಯೇ ಬಿದ್ದಿರುತ್ತದೆ, ಕೀಲಿ ಆ ಖಾತೆಯಲ್ಲಿ ಕೂತಿರುತ್ತದೆ, ಬಳಸುವವರಿಗೆ ಎರಡೂ ಗೊತ್ತಿರುವುದಿಲ್ಲ. ಯಾವುದೋ ರಿಪೇರಿಯ ನಂತರ ಪರದೆ ನೀಲಿಯಾಗಿ 48 ಅಂಕಿ ಕೇಳಿದಾಗ ಕಂಗಾಲಾಗುತ್ತಾರೆ. ಈಗಲೇ ಆ ಖಾತೆಯೊಳಗೆ ಹೋಗಿ ಅಂಕಿಗಳನ್ನು ಬರೆದುಕೊಳ್ಳಿ.

ಮನೆಯ ಹಿರಿಯರಿಗೆ ಇನ್ನೊಂದು ಮಾತು. ನಮ್ಮಜ್ಜಿಯ ಸೊಂಟದಲ್ಲಿದ್ದ ಕೀಲಿಗೊಂಚಲು ಅವರ ಕಾಲದ ನಂತರ ಯಾರ ಕೈಗೆ ಹೋಗಬೇಕೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಕಂಪ್ಯೂಟರಿನ ಕೀಲಿ ನಮ್ಮೊಂದಿಗೇ ಹೋದರೆ ಮಕ್ಕಳ ಬಾಲ್ಯದ ಚಿತ್ರಗಳೂ ವಿಮೆಯ ಪತ್ರಗಳೂ ನಮ್ಮೊಂದಿಗೇ ಹೋಗುತ್ತವೆ. ನಾನು ನನ್ನ ಕೀಲಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಆಸ್ತಿಪತ್ರಗಳ ಜೊತೆ ಇಟ್ಟಿದ್ದೇನೆ. ಎಲ್ಲಿದೆ ಎಂಬುದು ನನ್ನ ಹೆಂಡತಿಗೂ ಮಗಳಿಗೂ ಗೊತ್ತು. ಜೊತೆಗೆ ಕಡತಗಳ ಇನ್ನೊಂದು ಪ್ರತಿ, ಅದೂ ಬೀಗ ಹಾಕಿದ್ದು, ಬೇರೆ ಡಿಸ್ಕಿನಲ್ಲಿ ಬೇರೆ ಮನೆಯಲ್ಲಿದೆ. ಡಿಸ್ಕ್ ಕೆಟ್ಟರೆ ಗೂಢಲಿಪಿ ಏನೂ ಮಾಡಲಾರದು.

ಕೊನೆಗೆ, ಈ ವಿಷಯ ಎತ್ತಿದಾಗಲೆಲ್ಲ ನಾನು ಕೇಳಿಸಿಕೊಳ್ಳುವ ಪ್ರಶ್ನೆ: “ನಾವೇನು ಕದ್ದಿದ್ದೇವೆಯೇ, ಮುಚ್ಚಿಡಲು?” ಇದಕ್ಕೆ ದೊಡ್ಡ ಉತ್ತರವೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ಹರೆಯ ದಾಟಿದ ಮೇಲೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಹೆಸರಿನ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಕಾನೂನಿನ ಕ್ರಮದಲ್ಲಿ ಸರ್ಕಾರ ಮಾಹಿತಿ ಬಿಡಿಸಿಕೊಡಲು ಕೇಳುವ ಅಧಿಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಲ್ಲಿದೆ, ಅದು ಬೇರೆ ಮಾತು. ಮನೆಯ ಪತ್ರಗಳಿಗೆ ಬೀಗ ಹಾಕುವುದು ತಪ್ಪಲ್ಲ.

ನನ್ನ ಉತ್ತರ ಇನ್ನೂ ಚಿಕ್ಕದು. ಅಂದು ನಾನು ಮಾಡಿದ ಪಟ್ಟಿಯಲ್ಲಿದೆ ಅದು. ವಕೀಲರ ಕಂಪ್ಯೂಟರಿನಲ್ಲಿ ಕಕ್ಷಿದಾರರ ಸಂಕಟವಿದೆ. ವೈದ್ಯರದರಲ್ಲಿ ರೋಗಿಗಳ ನೋವಿದೆ. ಸಂಘದ ಕಾರ್ಯದರ್ಶಿಯದರಲ್ಲಿ ಸದಸ್ಯರ ಸಾಲದ ಲೆಕ್ಕವಿದೆ. ಶಿಕ್ಷಕರದರಲ್ಲಿ ಮಕ್ಕಳ ಭವಿಷ್ಯವಿದೆ. ನಮಗೆ ಮುಚ್ಚಿಡುವಂಥದ್ದು ಏನೂ ಇಲ್ಲದಿರಬಹುದು. ನಮ್ಮನ್ನು ನಂಬಿ ಕೊಟ್ಟವರಿಗೆ ಇದೆ. ಆ ಲ್ಯಾಪ್‌ಟಾಪ್ ಇವತ್ತಿಗೂ ಸಿಕ್ಕಿಲ್ಲ. ಆ ಮಕ್ಕಳ ಮನೆಗಳಿಗೆ ಫೋನು ಮಾಡಿ, ಬ್ಯಾಂಕ್ ಖಾತೆಯ ಮೇಲೆ ಕಣ್ಣಿಡಿ ಎಂದು ಒಂದೊಂದೇ ಮನೆಗೆ ಹೇಳಿದ ಆ ವಾರವನ್ನು ನಾನು ಮರೆತಿಲ್ಲ. ನಿಮಗೆ ಅಂಥ ವಾರ ಬಾರದಿರಲಿ.

ಈ ಕಾರ್ಯಕ್ರಮ ಮುಗಿದ ಮೇಲೆ ಮೂರು ಕೆಲಸ ಮಾಡಿ. ಮೊದಲು ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಆಮೇಲೆ ಬೀಗ ಹಾಕಿ. ಮಲಗುವ ಮುನ್ನ ಕೀಲಿಯನ್ನು ಕಾಗದದ ಮೇಲೆ ಬರೆದು, ನೀವು ನಂಬುವ ಒಬ್ಬರಿಗೆ ಅದು ಇರುವ ಜಾಗ ತಿಳಿಸಿ.